ಎಂಪಿರಿಕಲ್ ಸೂತ್ರ ಯಾವುದು, ಅಣುಸೂತ್ರ ಯಾವುದು: ಕಾಫಿ, ಕಿತ್ತಳೆ, ಕಾಚಂಪುಳಿ ಇಟ್ಟುಕೊಂಡು ಲೆಕ್ಕ

ಜೂನ್ ಬಂತೆಂದರೆ ಪ್ರಥಮ ಪಿಯುಸಿ ತರಗತಿಯೂ ಶುರು, ಮಳೆಯೂ ಶುರು. ಮಳೆ ಜಾಸ್ತಿಯಾಗಿ ಕಾಲೇಜಿಗೆ ರಜೆ ಕೊಟ್ಟ ದಿನ ಸಂಜೆ ನನ್ನ ಫೋನಿಗೆ ಬರುವ ಪ್ರಶ್ನೆ ಮಾತ್ರ ವರ್ಷಾ ವರ್ಷಾ ಒಂದೇ: "ಮೇಡಂ, ಎಂಪಿರಿಕಲ್ ಫಾರ್ಮುಲಾಗೂ ಮಾಲಿಕ್ಯುಲರ್ ಫಾರ್ಮುಲಾಗೂ ಏನು ವ್ಯತ್ಯಾಸ? ಎರಡರಲ್ಲೂ ಅದೇ ಸಿ, ಎಚ್, ಒ ತಾನೆ ಇರೋದು?" ಮಡಿಕೇರಿಯವರೂ ಕೇಳುತ್ತಾರೆ, ಸೋಮವಾರಪೇಟೆಯವರೂ ಕೇಳುತ್ತಾರೆ, ಪೊನ್ನಂಪೇಟೆಯವರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷ್ ಪುಸ್ತಕ ಕೈಗೆ ಬಂದು ಗಾಬರಿಯಾದವರು ನಿಧಾನವಾಗಿ ಓದಿ. ಪೆನ್ಸಿಲು, ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ಒಂದು ಸೂಚನೆ. ಇಲ್ಲಿ ಸೂತ್ರಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ: ಸಿ ಎಂದರೆ ಕಾರ್ಬನ್, ಎಚ್ ಎಂದರೆ ಹೈಡ್ರೋಜನ್, ಎನ್ ಎಂದರೆ ನೈಟ್ರೋಜನ್, ಒ ಎಂದರೆ ಆಕ್ಸಿಜನ್. ಉತ್ತರ ಪತ್ರಿಕೆಯಲ್ಲಿ ಇಂಗ್ಲಿಷ್ ಅಕ್ಷರವನ್ನೇ ಬಳಸಿ.

ಮೊದಲು ವ್ಯತ್ಯಾಸ

ತೋಟದ ಮನೆಯವರಿಗೆ ಬೋರ್ಡೋ, ಅಂದರೆ ಗಿಡಗಳ ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ದ್ರಾವಣ, ಹೊಸದಲ್ಲ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ. ಮೈಲುತುತ್ತಕ್ಕೆ ಸುಣ್ಣ ಎಷ್ಟು ಎಂದು ಕೇಳಿದರೆ "ಒಂದಕ್ಕೊಂದು" ಅನ್ನುತ್ತಾರೆ. ನಿಮ್ಮ ಮನೆಯ ಡ್ರಮ್ 200 ಲೀಟರಿನದಾದರೆ ಅದಕ್ಕೆ ಬಿದ್ದದ್ದು ಎರಡೆರಡು ಕಿಲೋ. ಆಗಲೂ "ಒಂದಕ್ಕೊಂದು" ಅನ್ನುವುದು ಸುಳ್ಳಲ್ಲ. ಆದರೆ ಡ್ರಮ್ಮಿನೊಳಗೆ ಎಷ್ಟು ಬಿದ್ದಿದೆ ಎಂಬುದು ಆ ಮಾತಿನಿಂದ ಗೊತ್ತಾಗುವುದಿಲ್ಲ. 

ಎಂಪಿರಿಕಲ್ ಸೂತ್ರ ಅಂಥ "ಒಂದಕ್ಕೊಂದು". ಒಂದು ಸಂಯುಕ್ತದಲ್ಲಿ ಯಾವ ಧಾತುವಿನ ಪರಮಾಣು ಎಷ್ಟಕ್ಕೆ ಎಷ್ಟು ಎಂಬ ಅನುಪಾತವನ್ನು ಅತಿ ಚಿಕ್ಕ ಪೂರ್ಣಸಂಖ್ಯೆಗಳಲ್ಲಿ ಹೇಳುತ್ತದೆ. ಕೆಲವು ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಪ್ರಾಯೋಗಿಕ ಸೂತ್ರ ಎಂಬ ಹೆಸರಿದೆ. ಅಣುಸೂತ್ರ, ಅಂದರೆ ಮಾಲಿಕ್ಯುಲರ್ ಫಾರ್ಮುಲಾ, ಒಂದು ಅಣುವಿನೊಳಗೆ ನಿಜಕ್ಕೂ ಎಷ್ಟೆಷ್ಟು ಪರಮಾಣು ಇವೆ ಎಂಬ ಎಣಿಕೆ.

ಬೋರ್ಡೋ ಹೋಲಿಕೆ ಒಂದು ಕಡೆ ಕುಂಟುತ್ತದೆ. ಅಲ್ಲಿ ಇರುವುದು ತೂಕದ ಅನುಪಾತ, ಸೂತ್ರದಲ್ಲಿ ಇರುವುದು ಎಣಿಕೆಯ ಅನುಪಾತ. ಈ ಮಾತು 2ನೇ ಹಂತದಲ್ಲಿ ಮತ್ತೆ ಬರುತ್ತದೆ.

ಈಗ ಮನೆಯೊಳಗೇ ನೋಡಿ. ಜೇನಿನಲ್ಲಿರುವ ಗ್ಲೂಕೋಸ್ ಸಿ₆ಎಚ್₁₂ಒ₆. ಮೊಸರನ್ನು ಹುಳಿಯಾಗಿಸುವ ಲ್ಯಾಕ್ಟಿಕ್ ಆಮ್ಲ ಸಿ₃ಎಚ್₆ಒ₃. ವಿನೆಗರಿನ ಅಸಿಟಿಕ್ ಆಮ್ಲ ಸಿ₂ಎಚ್₄ಒ₂. ಕಾಲೇಜಿನ ಜೀವಶಾಸ್ತ್ರ ಲ್ಯಾಬಿನಲ್ಲಿ ಕಪ್ಪೆ, ಹಾವು ಮುಳುಗಿಸಿಟ್ಟ ಜಾಡಿಯ ಫಾರ್ಮಾಲ್ಡಿಹೈಡ್ ಸಿಎಚ್₂ಒ. ನಾಲ್ಕರದ್ದೂ ಎಂಪಿರಿಕಲ್ ಸೂತ್ರ ಒಂದೇ, ಸಿಎಚ್₂ಒ. ಜೇನು ನೆಕ್ಕಬಹುದು, ಜಾಡಿಯ ನೀರನ್ನು ಮೂಸುವುದೂ ಬೇಡ. ಶೇಕಡಾ ಲೆಕ್ಕ ಮಾತ್ರ ಈ ನಾಲ್ಕು ವಸ್ತುಗಳಿಗೂ ಒಂದೇ: ಕಾರ್ಬನ್ ಸುಮಾರು 40, ಹೈಡ್ರೋಜನ್ 6.7, ಆಕ್ಸಿಜನ್ 53.3.

ಹಾಗಾಗಿ ಶೇಕಡಾವಾರು ಅಂಕಿಗಳಷ್ಟೇ ಕೈಯಲ್ಲಿದ್ದರೆ ಎಂಪಿರಿಕಲ್ ಸೂತ್ರದವರೆಗೆ ಮಾತ್ರ ಹೋಗಬಹುದು. ಅಣುಸೂತ್ರಕ್ಕೆ ಬೇರೆ ಕಡೆಯಿಂದ ಇನ್ನೊಂದು ಮಾಹಿತಿ, ಮೋಲಾರ್ ರಾಶಿ, ಬರಲೇಬೇಕು. ಪ್ರಶ್ನೆಯಲ್ಲಿ ಅದನ್ನು ಕೊಟ್ಟಿಲ್ಲ ಎಂದಾದರೆ ಅವರು ಕೇಳಿರುವುದು ಎಂಪಿರಿಕಲ್ ಸೂತ್ರವನ್ನೇ.

ಬೇಕಾಗುವ ಸಾಮಾನು

ಶೇಕಡಾವಾರು ಸಂಯೋಜನೆ, ಅಂದರೆ 100 ಗ್ರಾಂ ವಸ್ತುವಿನಲ್ಲಿ ಯಾವ ಧಾತು ಎಷ್ಟು ಗ್ರಾಂ ಎಂಬ ಪಟ್ಟಿ. ಪರಮಾಣು ರಾಶಿಗಳು: ಕಾರ್ಬನ್ 12.01, ಹೈಡ್ರೋಜನ್ 1.008, ನೈಟ್ರೋಜನ್ 14.01, ಆಕ್ಸಿಜನ್ 16.00. ಅಣುಸೂತ್ರ ಬೇಕಿದ್ದರೆ ಮೋಲಾರ್ ರಾಶಿ, ಅಂದರೆ ಆ ವಸ್ತುವಿನ ಒಂದು ಮೋಲ್ ಎಷ್ಟು ಗ್ರಾಂ ತೂಗುತ್ತದೆ ಎಂಬ ಅಂಕಿ. ಮೋಲ್ ಎಂದರೆ ಡಜನ್ ಇದ್ದ ಹಾಗೆ ಒಂದು ಎಣಿಕೆ, 12ರ ಬದಲು 6.022 × 10²³.

ಉದಾಹರಣೆಗೆ ಕೆಫೀನ್ ತೆಗೆದುಕೊಳ್ಳೋಣ. 1819ರಲ್ಲಿ ಜರ್ಮನಿಯ ರುಂಗೆ ಎಂಬ ರಸಾಯನ ವಿಜ್ಞಾನಿ ಇದನ್ನು ಕಾಫಿ ಬೀಜದಿಂದ ಬೇರ್ಪಡಿಸಿದ. ಬೀಜ ಕೊಟ್ಟು ನೋಡು ಎಂದವನು ಕವಿ ಗಯಟೆ. ನಮ್ಮ ರೊಬಸ್ಟಾದಲ್ಲಿ ಇದು ಅರೇಬಿಕಾದ ಹೆಚ್ಚುಕಡಿಮೆ ಎರಡು ಪಟ್ಟು ಇರುತ್ತದೆ. ಆದರೆ ಯಾವ ಗಿಡದಿಂದ ಬಂದರೂ ಶುದ್ಧ ಕೆಫೀನಿನ ಸಂಯೋಜನೆ ಒಂದೇ: ಕಾರ್ಬನ್ 49.48, ಹೈಡ್ರೋಜನ್ 5.19, ನೈಟ್ರೋಜನ್ 28.85, ಆಕ್ಸಿಜನ್ 16.48. ಮೋಲಾರ್ ರಾಶಿ 194.19.

ಹಂತ 1: ಕೂಡಿ ನೋಡಿ

49.48 + 5.19 + 28.85 + 16.48 = 100.00. ಸರಿ ಇದೆ, ಮುಂದೆ ಹೋಗಿ. 

ಎಷ್ಟೋ ಪ್ರಶ್ನೆಗಳಲ್ಲಿ ಮೊತ್ತ 100 ಬರುವುದಿಲ್ಲ. "ಉಳಿದದ್ದು ಆಕ್ಸಿಜನ್" ಎಂಬ ಪದ ವಾಕ್ಯದ ಕೊನೆಯಲ್ಲಿ ಅಡಗಿ ಕೂತಿರುತ್ತದೆ. ಕೂಡಿ ನೋಡದವರು ಆಕ್ಸಿಜನ್ ಇಲ್ಲದ ಸೂತ್ರ ಬರೆದು ಬರುತ್ತಾರೆ.

ಹಂತ 2: ತೂಕವನ್ನು ಎಣಿಕೆ ಮಾಡಿ

ಒಂದು ಕಿಲೋ ಕಿತ್ತಳೆಯಲ್ಲಿ ಎಷ್ಟು ಹಣ್ಣು, ಒಂದು ಕಿಲೋ ಕಾಳುಮೆಣಸಿನಲ್ಲಿ ಎಷ್ಟು ಕಾಳು? ತೂಕ ಒಂದೇ, ಎಣಿಕೆಗೆ ಸಂಬಂಧವೇ ಇಲ್ಲ. ಎಣಿಕೆ ಬೇಕಾದರೆ ಒಟ್ಟು ತೂಕವನ್ನು ಒಂದರ ತೂಕದಿಂದ ಭಾಗಿಸಬೇಕು. ಇಲ್ಲೂ ಅಷ್ಟೇ: ಪ್ರತಿ ಧಾತುವಿನ ಗ್ರಾಂ ಅನ್ನು ಅದರ ಪರಮಾಣು ರಾಶಿಯಿಂದ ಭಾಗಿಸಿ. ಬರುವುದು ಮೋಲ್.

ಕಾರ್ಬನ್: 49.48 ÷ 12.01 = 4.120
ಹೈಡ್ರೋಜನ್: 5.19 ÷ 1.008 = 5.149
ನೈಟ್ರೋಜನ್: 28.85 ÷ 14.01 = 2.059
ಆಕ್ಸಿಜನ್: 16.48 ÷ 16.00 = 1.030

ಇಲ್ಲಿ ಜಾರುವವರು ಬಹಳ. "ಆಕ್ಸಿಜನ್ ಅಂದರೆ ಒ₂ ಅಲ್ವಾ" ಎಂದು 32ರಿಂದ ಭಾಗಿಸುತ್ತಾರೆ, ನೈಟ್ರೋಜನ್ನನ್ನು 28ರಿಂದ. ಗಾಳಿಯಲ್ಲಿ ಜೋಡಿಯಾಗಿ ಓಡಾಡಿದರೆ ಅದು ಗಾಳಿಯ ವಿಷಯ. ನಾವು ಎಣಿಸುತ್ತಿರುವುದು ಬಿಡಿ ಪರಮಾಣುಗಳನ್ನು, ಆದ್ದರಿಂದ 16 ಮತ್ತು 14. ಇನ್ನು ಕೆಲವರು ಪರಮಾಣು ಸಂಖ್ಯೆಯಿಂದ, ಅಂದರೆ 6, 7, 8ರಿಂದ ಭಾಗಿಸುತ್ತಾರೆ. ಆವರ್ತ ಕೋಷ್ಟಕದಲ್ಲಿ ಪ್ರತಿ ಮನೆಯಲ್ಲೂ ಎರಡು ಅಂಕಿ ಇರುತ್ತವೆ. ದೊಡ್ಡದನ್ನು ಹಿಡಿಯಿರಿ.

ಈ ಹಂತದಲ್ಲಿ ದಶಮಾಂಶಗಳನ್ನು ಕತ್ತರಿಸಬೇಡಿ. ಮೂರು ಸ್ಥಾನವಾದರೂ ಇಟ್ಟುಕೊಳ್ಳಿ.

ಹಂತ 3: ಎಲ್ಲದಕ್ಕಿಂತ ಚಿಕ್ಕದರಿಂದ ಭಾಗಿಸಿ

ಚಿಕ್ಕದು 1.030. ಕಾರ್ಬನ್ 4.000, ಹೈಡ್ರೋಜನ್ 4.999, ನೈಟ್ರೋಜನ್ 1.999, ಆಕ್ಸಿಜನ್ 1. ಅಂದರೆ 4 : 5 : 2 : 1. ಎಂಪಿರಿಕಲ್ ಸೂತ್ರ ಸಿ₄ಎಚ್₅ಎನ್₂ಒ.

ಹಂತ 4: ಪೂರ್ಣಸಂಖ್ಯೆ ಬಾರದಿದ್ದರೆ ಗುಣಿಸಿ, ಕತ್ತರಿಸಬೇಡಿ

ಕೆಫೀನ್ ಸಾಧು ಪ್ರಾಣಿ, ತಾನಾಗಿಯೇ ಪೂರ್ಣಸಂಖ್ಯೆ ಕೊಟ್ಟಿತು. ಎಲ್ಲವೂ ಹಾಗಿರುವುದಿಲ್ಲ. ಅಂಕ ಹೋಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಹೊತ್ತು ಇಲ್ಲಿ ಕೂರೋಣ.

ಕಿತ್ತಳೆಯ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ. (ವಿಟಮಿನ್ ಹೆಸರಿನ ಸಿಗೂ ಕಾರ್ಬನ್ನಿನ ಸಿಗೂ ನಂಟಿಲ್ಲ.) ಕಾರ್ಬನ್ 40.92, ಹೈಡ್ರೋಜನ್ 4.58, ಆಕ್ಸಿಜನ್ 54.50. ಮೋಲ್ ಲೆಕ್ಕದಲ್ಲಿ 3.407, 4.544, 3.406. ಚಿಕ್ಕದರಿಂದ ಭಾಗಿಸಿದರೆ 1 : 1.33 : 1.

ಹೋದ ವರ್ಷ ಒಬ್ಬ ಹುಡುಗನ ನೋಟ್‌ಬುಕ್ಕಿನಲ್ಲಿ ಈ 1.33ರ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ದೊಡ್ಡದಾಗಿ 1 ಎಂದು ಬರೆದದ್ದು ನೋಡಿದೆ. ಎಂಪಿರಿಕಲ್ ಸೂತ್ರ ಸಿಎಚ್ಒ ಎಂದಾಯಿತು. ಅದರ ರಾಶಿ 29.02. ಕೊಟ್ಟಿದ್ದ ಮೋಲಾರ್ ರಾಶಿ 176.12. ಭಾಗಿಸಿದ, 6.07 ಬಂತು. "ಹತ್ತಿರ ಹತ್ತಿರ 6 ಮೇಡಂ" ಎಂದ. ಉತ್ತರ ಸಿ₆ಎಚ್₆ಒ₆. 

ಎಷ್ಟು ಚಂದ ಕೂತಿದೆ ನೋಡಿ, ಎಲ್ಲೂ ಎಡವಟ್ಟು ಕಾಣುವುದಿಲ್ಲ. ಆದರೆ ತಪ್ಪು. ಸಿ₆ಎಚ್₆ಒ₆ ಸೂತ್ರದ ವಸ್ತು ನಿಜಕ್ಕೂ ಇದೆ, ಡಿಹೈಡ್ರೊಆಸ್ಕಾರ್ಬಿಕ್ ಆಮ್ಲ ಎಂದು. ವಿಟಮಿನ್ ಸಿ ಉತ್ಕರ್ಷಣೆಗೊಂಡು ಎರಡು ಹೈಡ್ರೋಜನ್ ಕಳೆದುಕೊಂಡಾಗ ಆಗುವುದು ಅದೇ. ಒಂದು ಅಡ್ಡಗೆರೆಯಲ್ಲಿ ಹುಡುಗ ಬೇರೆ ವಸ್ತುವನ್ನೇ ಸೃಷ್ಟಿಸಿಬಿಟ್ಟಿದ್ದ. 

ಸರಿಯಾದ ದಾರಿ ಹೀಗೆ. 1.33 ಎಂದರೆ ಒಂದೂ ಮೂರನೇ ಒಂದು. ಮೂರರಿಂದ *ಎಲ್ಲವನ್ನೂ* ಗುಣಿಸಿ: 3 : 4 : 3. ಎಂಪಿರಿಕಲ್ ಸೂತ್ರ ಸಿ₃ಎಚ್₄ಒ₃.

ಇದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ:

- ದಶಮಾಂಶ .50 ಇದ್ದರೆ 2ರಿಂದ ಗುಣಿಸಿ
- .33 ಅಥವಾ .67 ಇದ್ದರೆ 3ರಿಂದ
- .25 ಅಥವಾ .75 ಇದ್ದರೆ 4ರಿಂದ
- .20, .40, .60, .80 ಇದ್ದರೆ 5ರಿಂದ
- .17 ಅಥವಾ .83 ಇದ್ದರೆ 6ರಿಂದ

ಎಷ್ಟರ ತನಕ ಕತ್ತರಿಸಬಹುದು? 1.98 ಅನ್ನು 2 ಎನ್ನಿ, 3.03 ಅನ್ನು 3 ಎನ್ನಿ, ತಕರಾರಿಲ್ಲ. 1.9 ಬಂದರೆ ನಾನಾದರೆ ಹಿಂದೆ ಹೋಗಿ ಭಾಗಾಕಾರ ನೋಡುತ್ತೇನೆ. 1.17 ಅನ್ನು 1 ಮಾಡುವುದು ಮಹಾಪರಾಧ. ಯಾಕೆಂದು ಕಾಚಂಪುಳಿಯ (ಕೊಡಗಿನ ಅಡುಗೆಯ ಹುಳಿ) ಲೆಕ್ಕದಲ್ಲಿ ತೋರಿಸುತ್ತೇನೆ.

ಹಂತ 5: ಎಂಪಿರಿಕಲ್‌ನಿಂದ ಅಣುಸೂತ್ರಕ್ಕೆ

ಎಂಪಿರಿಕಲ್ ಸೂತ್ರದ ರಾಶಿ ಕೂಡಿ. ಮೋಲಾರ್ ರಾಶಿಯನ್ನು ಅದರಿಂದ ಭಾಗಿಸಿ. ಬರುವ ಪೂರ್ಣಸಂಖ್ಯೆಯೇ ಗುಣಕ. ಪುಸ್ತಕದಲ್ಲಿ ಇದನ್ನು ಸಣ್ಣಕ್ಷರದ ಎನ್ ಎಂದು ಬರೆದಿರುತ್ತಾರೆ, ನೈಟ್ರೋಜನ್ನಿನ ಎನ್ ಎಂದುಕೊಳ್ಳಬೇಡಿ.

ಕೆಫೀನ್: ಸಿ₄ಎಚ್₅ಎನ್₂ಒ ರಾಶಿ 97.10. 194.19 ÷ 97.10 = 2. ಅಣುಸೂತ್ರ ಸಿ₈ಎಚ್₁₀ಎನ್₄ಒ₂.
ವಿಟಮಿನ್ ಸಿ: ಸಿ₃ಎಚ್₄ಒ₃ ರಾಶಿ 88.06. 176.12 ÷ 88.06 = 2. ಅಣುಸೂತ್ರ ಸಿ₆ಎಚ್₈ಒ₆.

ಗುಣಕದಿಂದ ಪ್ರತಿ ಧಾತುವಿನ ಸಂಖ್ಯೆಯನ್ನೂ ಗುಣಿಸಬೇಕು, ಮೊದಲನೆಯದನ್ನು ಮಾತ್ರವಲ್ಲ. 2.5ರಂಥ ಗುಣಕ ಬಂತೋ, ಹಂತ 4ರಲ್ಲಿ ಏನೋ ಕೆಟ್ಟಿದೆ. ಗುಣಕ 1 ಬಂದರೆ ಹೆದರಬೇಡಿ, ಎರಡೂ ಸೂತ್ರ ಒಂದೇ ಎಂದರ್ಥ. ಕಾಳುಮೆಣಸಿನ ಖಾರದ ಪೈಪರೀನ್ ಸಿ₁₇ಎಚ್₁₉ಎನ್ಒ₃. ನೈಟ್ರೋಜನ್ ಒಂದೇ ಇರುವಾಗ ಇನ್ನು ಚಿಕ್ಕದು ಮಾಡುವುದೆಲ್ಲಿಂದ? ಬೆಲ್ಲದ ಕಾಫಿಯ ಸಿಹಿಗೆ ಕಾರಣವಾದ ಸುಕ್ರೋಸ್ ಸಿ₁₂ಎಚ್₂₂ಒ₁₁ ಕೂಡ ಹಾಗೆಯೇ. 12, 22, 11 ಮೂರನ್ನೂ ಭಾಗಿಸುವ ಸಂಖ್ಯೆ 1 ಬಿಟ್ಟು ಬೇರೆ ಇಲ್ಲ. ದೊಡ್ಡ ಅಣು ಎಂದ ಮಾತ್ರಕ್ಕೆ ಅದನ್ನು ಚಿಕ್ಕದು ಮಾಡಲೇಬೇಕೆಂದಿಲ್ಲ.

ಕೊನೆಗೆ ಒಂದು ನಿಮಿಷ ಕೊಟ್ಟು ಉತ್ತರದ ಸೂತ್ರದ ರಾಶಿಯನ್ನು ಮತ್ತೆ ಕೂಡಿ, ಕೊಟ್ಟದ್ದಕ್ಕೆ ಹೋಲಿಸಿ. ಆ ಹುಡುಗನ ಸಿ₆ಎಚ್₆ಒ₆ 174.11 ತೂಗುತ್ತಿತ್ತು, ಬೇಕಿದ್ದದ್ದು 176.12. ಎರಡರ ಅಂತರ, ಎರಡು ಹೈಡ್ರೋಜನ್. ಕೂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು.

ಮೋಲಾರ್ ರಾಶಿ ಎಲ್ಲಿಂದ ಬರುತ್ತದೆ?

ಇಂದಿನ ಪ್ರಯೋಗಾಲಯಗಳಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಹೇಳುತ್ತದೆ. ನಿಮ್ಮ ಪ್ರಶ್ನೆಗಳಲ್ಲಿ ಕೆಲವೊಮ್ಮೆ ಅದನ್ನು ನೇರ ಕೊಡದೆ ಆವಿ ಸಾಂದ್ರತೆ ಕೊಡುತ್ತಾರೆ, ಅಂದರೆ ಆ ಆವಿ ಅಷ್ಟೇ ಗಾತ್ರದ ಹೈಡ್ರೋಜನ್ ಅನಿಲಕ್ಕಿಂತ ಎಷ್ಟು ಪಟ್ಟು ಭಾರ ಎಂಬುದು. ಅದನ್ನು ಎರಡರಿಂದ ಗುಣಿಸಿದರೆ ಮೋಲಾರ್ ರಾಶಿ. ಗುಣಿಸಲು ಮರೆತರೆ ಉತ್ತರ ಅರ್ಧವಾಗುತ್ತದೆ. ಈ ವಿಧಾನಕ್ಕೂ ಮಿತಿ ಇದೆ: ಅಸಿಟಿಕ್ ಆಮ್ಲದ ಆವಿಯಲ್ಲಿ ಅಣುಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿರುವುದರಿಂದ ಕುದಿಬಿಂದುವಿನ ಆಸುಪಾಸಿನಲ್ಲಿ ಅಳೆದರೆ ಅದರ ನಿಜವಾದ ಮೋಲಾರ್ ರಾಶಿ 60ಕ್ಕಿಂತ ಎಷ್ಟೋ ಹೆಚ್ಚು ತೋರಿಸುತ್ತದೆ. ಪರೀಕ್ಷೆಗೆ ಇದು ಬೇಡ, ಕುತೂಹಲಕ್ಕೆ ಇರಲಿ.

ಶೇಕಡಾ ಕೊಡದೆ "ಸುಟ್ಟಾಗ" ಎಂದು ಕೊಟ್ಟರೆ

ಶೇಕಡಾ ಅಂಕಿ ಹುಟ್ಟುವುದೇ ಸುಡುವುದರಿಂದ. ಸಾವಯವ ವಸ್ತುವನ್ನು ಆಕ್ಸಿಜನ್ನಿನಲ್ಲಿ ಪೂರ್ತಿ ಸುಟ್ಟು, ಬಂದ ನೀರಾವಿ ಮತ್ತು ಕಾರ್ಬನ್ ಡೈಆಕ್ಸೈಡನ್ನು ಬೇರೆ ಬೇರೆ ಹೀರಿಸಿ ತೂಗುತ್ತಾರೆ. 1831ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ ಇದಕ್ಕಾಗಿ ಐದು ಗುಂಡುಗಳಿದ್ದ ಗಾಜಿನ ಉಪಕರಣ ಮಾಡಿದ. ಕಾರ್ಬನ್ ಡೈಆಕ್ಸೈಡ್ ಅದರಲ್ಲಿನ ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಸಿಕ್ಕಿಬೀಳುತ್ತಿತ್ತು.

ಲೆಕ್ಕ ಹೀಗಿರುತ್ತದೆ: 0.300 ಗ್ರಾಂ ವಸ್ತು ಸುಟ್ಟಾಗ 0.440 ಗ್ರಾಂ ಕಾರ್ಬನ್ ಡೈಆಕ್ಸೈಡ್, 0.180 ಗ್ರಾಂ ನೀರು. 44 ಗ್ರಾಂ ಕಾರ್ಬನ್ ಡೈಆಕ್ಸೈಡಿನಲ್ಲಿ ಕಾರ್ಬನ್ 12 ಗ್ರಾಂ, 18 ಗ್ರಾಂ ನೀರಿನಲ್ಲಿ ಹೈಡ್ರೋಜನ್ 2 ಗ್ರಾಂ. 

ಕಾರ್ಬನ್: 0.440 × 12 ÷ 44 = 0.120 ಗ್ರಾಂ
ಹೈಡ್ರೋಜನ್: 0.180 × 2 ÷ 18 = 0.020 ಗ್ರಾಂ
ಆಕ್ಸಿಜನ್: 0.300 − 0.120 − 0.020 = 0.160 ಗ್ರಾಂ

ಆಕ್ಸಿಜನ್ನನ್ನು ಕಳೆದೇ ತೆಗೆಯಬೇಕು. ಕಾರ್ಬನ್ ಡೈಆಕ್ಸೈಡಿನಲ್ಲೂ ನೀರಿನಲ್ಲೂ ಆಕ್ಸಿಜನ್ ಇದೆಯಲ್ಲ, ಅದನ್ನು ಕೂಡಿದರಾಯಿತು ಎಂದುಕೊಂಡರೆ ಕೆಟ್ಟಿರಿ. ಸುಡಲು ಹೊರಗಿನಿಂದ ಬಿಟ್ಟ ಆಕ್ಸಿಜನ್ ಕೂಡ ಅದರಲ್ಲಿ ಬೆರೆತಿದೆ. ಇಲ್ಲಿಂದ ಮುಂದೆ ಹಂತ 2, 3: ಅನುಪಾತ 1 : 2 : 1, ಸಿಎಚ್₂ಒ. ಮೊಸರೋ, ವಿನೆಗರೋ, ಜೇನೋ? ಮೋಲಾರ್ ರಾಶಿ 60 ಎಂದರೆ ವಿನೆಗರಿನ ಆಮ್ಲ ಇರಬಹುದು, 90 ಎಂದರೆ ಮೊಸರಿನದು, 180 ಎಂದರೆ ಜೇನಿನ ಸಕ್ಕರೆ. "ಇರಬಹುದು" ಎಂದೇ ಬರೆದೆ, ಏಕೆಂದರೆ ಜೇನಿನಲ್ಲೇ ಇರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎರಡರ ಅಣುಸೂತ್ರವೂ ಸಿ₆ಎಚ್₁₂ಒ₆. ಪರಮಾಣುಗಳ ಜೋಡಣೆ ಬೇರೆ. ಜೋಡಣೆ ತಿಳಿಯಲು ರಚನಾ ಸೂತ್ರ ಬೇಕು, ಅದು ಇನ್ನೊಂದು ಅಧ್ಯಾಯ.

ಕಾಚಂಪುಳಿಯ ಲೆಕ್ಕ

ಪಂದಿಕರಿಗೆ (ಹಂದಿಮಾಂಸದ ಸಾರಿಗೆ) ಕೊನೆಯಲ್ಲಿ ಬೀಳುವ ಆ ಕಪ್ಪು, ಮಂದ ಹುಳಿಯ ಬಾಟಲಿ ಯಾರ ಅಡುಗೆಮನೆಯಲ್ಲಿಲ್ಲ! ಹಣ್ಣಿನಿಂದ ಸೋರಿದ ರಸವನ್ನು ಕುದಿಸಿ ಕುದಿಸಿ ಬತ್ತಿಸಿದ್ದು. ಆ ಹುಳಿ ಸಿಟ್ರಿಕ್ ಆಮ್ಲದ್ದು, ಅಥವಾ ಟಾರ್ಟಾರಿಕ್ ಆಮ್ಲದ್ದು ಎಂಬ ನಂಬಿಕೆ ಬಹಳ ಕಾಲ ಇತ್ತು. 1965ರಲ್ಲಿ ಲೂಯಿಸ್ ಮತ್ತು ನೀಲಕಂಠನ್ ಎಂಬ ವಿಜ್ಞಾನಿಗಳು ಅದು ಮುಖ್ಯವಾಗಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಅಣುಸೂತ್ರದಲ್ಲಿ ಸಿಟ್ರಿಕ್‌ಗೂ ಇದಕ್ಕೂ ಒಂದೇ ಒಂದು ಆಕ್ಸಿಜನ್ ವ್ಯತ್ಯಾಸ. ಎಂಪಿರಿಕಲ್ ಸೂತ್ರಕ್ಕೆ ಏನಾಗುತ್ತದೆ ನೋಡಿ.

ನಿಂಬೆಯ ಸಿಟ್ರಿಕ್ ಆಮ್ಲ: ಕಾರ್ಬನ್ 37.51, ಹೈಡ್ರೋಜನ್ 4.20, ಆಕ್ಸಿಜನ್ 58.29. ಮೋಲ್ 3.123, 4.167, 3.643. ಅನುಪಾತ 1 : 1.33 : 1.17. ಮೂರರಿಂದ ಗುಣಿಸಿದರೆ 3 : 4 : 3.5. ಇನ್ನೂ ಅರ್ಧ ಉಳಿಯಿತು. ಆರರಿಂದ ಗುಣಿಸಿ: 6 : 8 : 7. ಸೂತ್ರದ ರಾಶಿ 192.12, ಮೋಲಾರ್ ರಾಶಿಯೂ 192.12. ಎರಡೂ ಸೂತ್ರ ಒಂದೇ, ಸಿ₆ಎಚ್₈ಒ₇. 1.17 ಅನ್ನು 1 ಮಾಡಿದ್ದರೆ 3 : 4 : 3 ಆಗಿ ವಿಟಮಿನ್ ಸಿಯ ಸೂತ್ರ ಬಂದು ಕೂರುತ್ತಿತ್ತು.

ಕಾಚಂಪುಳಿಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ: ಕಾರ್ಬನ್ 34.63, ಹೈಡ್ರೋಜನ್ 3.87, ಆಕ್ಸಿಜನ್ 61.50, ಮೋಲಾರ್ ರಾಶಿ 208.12. ಅನುಪಾತ 1 : 1.33 : 1.33, ಅಂದರೆ 3 : 4 : 4. ಎಂಪಿರಿಕಲ್ ಸೂತ್ರ ಸಿ₃ಎಚ್₄ಒ₄, ರಾಶಿ 104.06, ಗುಣಕ 2, ಅಣುಸೂತ್ರ ಸಿ₆ಎಚ್₈ಒ₈. ಒಂದು ಆಕ್ಸಿಜನ್ ಸೇರಿದ್ದಕ್ಕೆ ಎಂಪಿರಿಕಲ್ ಸೂತ್ರ ಅರ್ಧಕ್ಕೆ ಇಳಿಯಿತು. ಮೋಲಾರ್ ರಾಶಿ ಕೊಡದೆ ಬಿಟ್ಟಿದ್ದರೆ ಇದೇ ಸಿ₃ಎಚ್₄ಒ₄ ಸೂತ್ರದ ಮೆಲೋನಿಕ್ ಆಮ್ಲ ಎಂದೂ ವಾದಿಸಬಹುದಿತ್ತು.

ಅಣುಸೂತ್ರವೇ ಇಲ್ಲದವು

ಅಡುಗೆ ಉಪ್ಪಿಗೆ ಅಣುಸೂತ್ರ ಕೇಳಬೇಡಿ. ಸೋಡಿಯಂ, ಕ್ಲೋರೈಡ್ ಅಯಾನುಗಳು ಹರಳಿನ ತುಂಬ ಸಾಲಾಗಿ ಜೋಡಿಸಿಕೊಂಡಿರುತ್ತವೆ, ಬಿಡಿ ಅಣು ಎಂಬುದೇ ಇಲ್ಲ. ನಾವು ಬರೆಯುವುದು ಅನುಪಾತ ಮಾತ್ರ, ಅದನ್ನು ಫಾರ್ಮುಲಾ ಯೂನಿಟ್ ಎನ್ನುತ್ತಾರೆ. ಮೈಲುತುತ್ತವೂ ಇದೇ ಜಾತಿ, ಜೊತೆಗೆ ಒಂದು ತಾಮ್ರಕ್ಕೆ ಐದು ನೀರು ಹರಳಿನೊಳಗೇ ಇರುತ್ತದೆ. ನೀಲಿ ಹರಳಿನಲ್ಲಿ ತಾಮ್ರ ಶೇಕಡಾ 25.45. ಕಾಯಿಸಿ ನೀರೆಲ್ಲ ಹೋಗಿ ಬಿಳಿ ಪುಡಿಯಾದರೆ 39.81. ಪ್ರಶ್ನೆಯಲ್ಲಿ ಹರಳು ಎಂದಿದೆಯೋ ನಿರ್ಜಲ ಎಂದಿದೆಯೋ ನೋಡಿಯೇ ಪೆನ್ ಎತ್ತಿ.

ನೀವೇ ಮಾಡಿ ನೋಡಿ

1. ಕಿತ್ತಳೆ ಸಿಪ್ಪೆ ಹಿಂಡಿದಾಗ ಕಣ್ಣಿಗೆ ಚಿಮ್ಮುವ ಎಣ್ಣೆಯ ಲಿಮೊನೀನ್: ಕಾರ್ಬನ್ 88.16, ಹೈಡ್ರೋಜನ್ 11.84. ಮೋಲಾರ್ ರಾಶಿ 136.23.

2. ಯೂರಿಯಾ: ಕಾರ್ಬನ್ 20.00, ಹೈಡ್ರೋಜನ್ 6.71, ನೈಟ್ರೋಜನ್ 46.65, ಉಳಿದದ್ದು ಆಕ್ಸಿಜನ್. ಮೋಲಾರ್ ರಾಶಿ 60.06. ಗೊಬ್ಬರದ ಚೀಲದ ಮೇಲಿನ 46 ಇದೇ ನೈಟ್ರೋಜನ್. ಆದರೆ ಪೊಟ್ಯಾಷ್ ಚೀಲದ 60 ಅನ್ನು ನೋಡಿ ಇದೇ ಲೆಕ್ಕ ಹಾಕಬೇಡಿ. ಅದು ಪೊಟ್ಯಾಸಿಯಂ ಆಕ್ಸೈಡಿಗೆ ಸಮ ಮಾಡಿ ಬರೆದ ಅಂಕಿ. ಶುದ್ಧ ಪೊಟ್ಯಾಸಿಯಂ ಕ್ಲೋರೈಡಿನಲ್ಲೂ ಪೊಟ್ಯಾಸಿಯಂ ಇರುವುದು ಶೇಕಡಾ 52.4 ಮಾತ್ರ.

ಉತ್ತರ: ಮೊದಲನೆಯದರಲ್ಲಿ 1 : 1.6 ಬರುತ್ತದೆ, ಐದರಿಂದ ಗುಣಿಸಿದರೆ ಸಿ₅ಎಚ್₈, ಗುಣಕ 2, ಅಣುಸೂತ್ರ ಸಿ₁₀ಎಚ್₁₆. ಎರಡನೆಯದರಲ್ಲಿ ಆಕ್ಸಿಜನ್ 26.64, ಅನುಪಾತ 1 : 4 : 2 : 1, ಗುಣಕ 1, ಎರಡೂ ಸೂತ್ರ ಸಿಎಚ್₄ಎನ್₂ಒ. 1.6 ಅನ್ನು 2 ಮಾಡಿದವರು ಹಂತ 4ಕ್ಕೆ ವಾಪಸ್ ಹೋಗಿ.